ಹನ್ನೆರಡನೇ ನಂಬರಿನ ಚೀಲ

ಸಂಜೀವಣ್ಣ,

ತೀರಿಹೋದವರನ್ನು ಕ್ಷೇಮವೇ ಎಂದು ಕೇಳುವುದು ಹೇಗೆ? ನೀವಿದ್ದಿದ್ದರೆ, "ಕ್ಷೇಮ ಎಲ್ಲ ಇರಲಿ, ವಿಷಯ ಎಂತ ಹೇಳು ಮಾರಾಯ" ಎನ್ನುತ್ತಿದ್ದಿರಿ. ವಿಷಯ ಉಂಟು. ಮರಿಯಂ ಮಂಗಳೂರಿಗೆ ಬಂದಿದ್ದಾಳೆ. ಕುವೈತಿನಲ್ಲಿ ನಮ್ಮ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿದ್ದ ಯೂಸುಫನ ಮಗಳು. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಬಂದವಳು ಬಂದರಿನ ನನ್ನ ಗೋಡೌನಿಗೇ ಬಂದಳು. ಪ್ರತಿ ಹಬ್ಬಕ್ಕೂ ಫೋನಿನಲ್ಲಿ ನಿಮ್ಮನ್ನು ಕೇಳುತ್ತಿದ್ದ ಪ್ರಶ್ನೆ ಈ ಸಲ ನನ್ನ ಪಾಲಿಗೆ ಬಂತು: ಅಪ್ಪ ಅಲ್ಲಿ ಅಡಗಿದ್ದಾನೆಂದು ಆ ಸೈನಿಕನಿಗೆ ಹೇಗೆ ತಿಳಿಯಿತು? ನೀವು ಕೊಡುತ್ತಿದ್ದ ಉತ್ತರ ನನಗೆ ಬಾಯಿಪಾಠ. ಅದನ್ನೇ ಒಪ್ಪಿಸಿ ಕೈತೊಳೆದುಕೊಳ್ಳಬಹುದಿತ್ತು...

ನನ್ನನ್ನು ಅಂಗಡಿಗೆ ಸೇರಿಸಿಕೊಂಡ ಮೊದಲ ಬೆಳಗು ನೆನಪಿದೆಯೇ? ಗೋಡೆಯಲ್ಲಿ ಮೂವತ್ತಾರು ಮೊಳೆ, ಪ್ರತಿ ಮೊಳೆಗೂ ಒಂದೊಂದು ಬಟ್ಟೆ ಚೀಲ, ಚೀಲದ ಮೇಲೆ ಮನೆ ನಂಬರು. ಬೇಕರಿಯಿಂದ ಬಿಸಿ ಖುಬ್ಬೂಸ್ ರೊಟ್ಟಿ ಬಂದ ಕೂಡಲೇ ಮನೆಗಿಷ್ಟು ಎಂದು ತುಂಬಿಸಬೇಕು. "ಮುಖ ಮರೆತರೆ ಅಡ್ಡಿ ಇಲ್ಲ, ಚೀಲ ಮರೆಯಬೇಡ" ಎಂದಿರಿ. ಆ ಚೀಲಗಳಲ್ಲಿ ನೀವು ಇಡೀ ಕಟ್ಟಡದ ಸುದ್ದಿ ಓದುತ್ತಿದ್ದಿರಿ. "ಐದನೇ ನಂಬರಿಗೆ ಎರಡು ಕಡಿಮೆ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ನೋಡು." ಸಂಜೆ ಗಂಡ ಒಬ್ಬನೇ ಬಂದು ಬಿಸ್ಕತ್ತು ಕೊಳ್ಳುವಾಗ ನೀವು ನನ್ನ ಕಡೆ ಹುಬ್ಬು ಹಾರಿಸುವುದು. ವ್ಯಾಪಾರವೆಂದು ನಾನು ಕಲಿತದ್ದೆಲ್ಲ ಆ ಗೋಡೆಯ ಮುಂದೆ.

ಶುಕ್ರವಾರಗಳಂದು ಹಿಂದಿನ ಕೋಣೆಯಲ್ಲಿ ನೀವು ಮಾಡುತ್ತಿದ್ದ ಮೀನಿನ ಸಾರು ಈಗಲೂ ಮೂಗಿನಲ್ಲಿದೆ. ಸೌಟು ಹಿಡಿದು ಮಂಗಳೂರಿನ ಉರ್ವ ಮಾರ್ಕೆಟಿನ ಮೀನಿನ ಹೆಂಗಸರ ಬೈಗುಳಗಳನ್ನು ಒಂದೊಂದಾಗಿ ತುಳುವಿನಲ್ಲಿ ಒಪ್ಪಿಸುತ್ತಿದ್ದಿರಿ. ನಗುವಿನಲ್ಲಿ ಅನ್ನ ಗಂಟಲಿಗೆ ಸಿಕ್ಕುತ್ತಿತ್ತು. ಇರಾಕಿನ ಸೇನೆ ನುಗ್ಗಿದ ಮೇಲೂ ನೀವು ಅಂಗಡಿ ಮುಚ್ಚಲಿಲ್ಲ. ಆಗಲೇ ಹನ್ನೆರಡನೇ ನಂಬರಿನ ಮುದುಕಿಯ ಚೀಲ ಎರಡರಿಂದ ಎಂಟು ರೊಟ್ಟಿಗೆ ಏರಿದ್ದು. ಪೊಲೀಸಿನಲ್ಲಿದ್ದ ಮಗ ಯೂಸುಫ್ ಹೆಂಡತಿ ಮಗುವಿನೊಂದಿಗೆ ಅವಳ ಮನೆ ಸೇರಿದ್ದ. ಅಂಥವರನ್ನು ಸೈನಿಕರು ಹುಡುಕುತ್ತಿದ್ದರು. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಚೀಲ ಹೇಳಿತ್ತಲ್ಲ.

ಆ ಬೆಳಗ್ಗೆ ನೀವು ಹಿಂದೆ ಬೂತಾಯಿ ಮೀನು ಶುಚಿ ಮಾಡುತ್ತಿದ್ದಿರಿ. ಸೈನಿಕ ಒಬ್ಬನೇ ಬಂದ. ಒಂದು ಬೂಟಿಗೆ ಲೇಸಿನ ಬದಲು ವಯರು ಕಟ್ಟಿದ್ದ. ಹಸಿದಿದ್ದ, ಅತಿ ದಪ್ಪಗಿದ್ದ ಹನ್ನೆರಡನೇ ನಂಬರಿನ ಚೀಲಕ್ಕೇ ಕೈ ಹಾಕಿದ. ಒಂದು ಗಂಟೆಯಾದ ಮೇಲೆ ಇನ್ನಿಬ್ಬರನ್ನು ಕರೆದುಕೊಂಡು ನೇರ ಮೂರನೇ ಮಹಡಿಗೆ ಹತ್ತಿದ. ಯೂಸುಫನನ್ನು ಇಳಿಸಿ ಒಯ್ಯುವಾಗ ನೀವು ಮೀನಿನ ಕೈಯಲ್ಲೇ ಅಡ್ಡ ನಿಂತಿರಿ. "ಚಿಕ್ಕ ಮಗು ಉಂಟು ಅವನಿಗೆ, ಬಿಡಪ್ಪ." ಅವನು ನಿಮ್ಮ ಮುಖ ನೋಡದೆ, "ಮೇಲಿನವರ ಆಜ್ಞೆ" ಎಂದ. ಯೂಸುಫ್ ಮತ್ತೆ ಬರಲಿಲ್ಲ.

ಊರಿಗೆ ಮರಳಿದ ಮೇಲೆ ಉರ್ವದ ನಿಮ್ಮ ಜಗಲಿಯಲ್ಲಿ ಇದೇ ವಾದ ಎಷ್ಟು ಸಲ ಮಾಡಲಿಲ್ಲ ನಾವು?

"ಆಜ್ಞೆ ಮೀರಿದರೆ ಆ ಸರ್ವಾಧಿಕಾರಿ ಅವನನ್ನೇ ಗುಂಡಿಕ್ಕುತ್ತಿದ್ದ ಮಾರಾಯ. ಅವನಿಗೂ ಅಪ್ಪ ಅಮ್ಮ ಇಲ್ಲವಾ?"

"ಎಂತ ಆಜ್ಞೆ ಸಂಜೀವಣ್ಣ? ಬಂದದ್ದು ಒಬ್ಬನೇ. ಚೀಲ ಕಂಡದ್ದು ಅವನಿಗೆ ಮಾತ್ರ. ರೊಟ್ಟಿ ತಿಂದು ಸುಮ್ಮನೆ ಹೋಗಿದ್ದರೆ ಯಾವ ಮೇಲಿನವನಿಗೆ ಗೊತ್ತಾಗ್ತಿತ್ತು?"

ಆಗ ನೀವು ಎಲೆಯಡಿಕೆ ಉಗುಳಿ ಬಂದು ಮೆಲ್ಲನೆ ಹೇಳುತ್ತಿದ್ದಿರಿ: "ತಪ್ಪು ನನ್ನದು. ಎಂಟನ್ನೂ ಒಂದೇ ಚೀಲದಲ್ಲಿ ಹಾಕಿದೆ. ಒಬ್ಬಳೇ ಮುದುಕಿಗೆ ಎಂಟು ಅಂತ ಅವನು ಲೆಕ್ಕ ಹಾಕಿದ." ಮರಿಯಮಳಿಗೂ ಇದನ್ನೇ ಹೇಳಿದಿರಿ, ಸಾಯುವವರೆಗೂ. ಎದುರಿಗೆ ಕುಳಿತ ನಾನು ಚಹಾ ಕುಡಿಯುತ್ತಿದ್ದೆ.

ಬರೀ ನಂಬರು ಬರೆದ ಚೀಲ ನೋಡಿ ಅದು ಒಬ್ಬಳೇ ಮುದುಕಿಯದ್ದು ಎಂದು ಅವನಿಗೆ ಹೇಗೆ ತಿಳಿಯಬೇಕು, ಸಂಜೀವಣ್ಣ? ಇದನ್ನು ನೀವು ಒಮ್ಮೆಯೂ ಕೇಳಲಿಲ್ಲ. ಹೇಳಿದ್ದು ನಾನು. ಮಾತಲ್ಲಿ ಗೆಲ್ಲುವ ಚಟ ನನಗೆ. ಅವನು ಕೈ ಹಾಕಿದಾಗ, "ಅದೊಂದು ಬೇಡ ಅಣ್ಣ, ಮೂರನೇ ಮಹಡಿಯ ಪಾಪದ ಮುದುಕಿಯದ್ದು, ಒಬ್ಬಳೇ ಇರುವುದು" ಎಂದೆ. ಕನಿಕರ ಹುಟ್ಟಲಿ ಎಂದು. ಅವನು ಚೀಲವನ್ನು ಕೈಯಲ್ಲಿ ತೂಗಿದ, ನನ್ನನ್ನು ನೋಡಿದ, ಅಲ್ಲೇ ತೂಗುಹಾಕಿದ. ರೊಟ್ಟಿ ಉಳಿಯಿತು.

ಬಾಯಿ ತಪ್ಪಿದ್ದನ್ನು ಹೇಗೋ ಮರೆಯಬಹುದಿತ್ತು. ಮರೆಯಲಾಗದ್ದು ಆ ಒಂದು ಗಂಟೆ. ಅವನಿಗೆ ಅರ್ಥವಾಯಿತೆಂದು ನನಗೂ ಅರ್ಥವಾಗಿತ್ತು. ಮೇಲೆ ಹೋಗಿ ಬಾಗಿಲು ಬಡಿಯಲು ಎರಡು ನಿಮಿಷ ಸಾಕು. ಹತ್ತಲಿಲ್ಲ. ಯಾರಾದರೂ ನೋಡಿದರೆ ಎಂಬ ಹೆದರಿಕೆ... ಉಳಿದ ಚೀಲಗಳಿಗೆ ರೊಟ್ಟಿ ತುಂಬುತ್ತ ನಿಂತೆ. ಅವನಿಗಾದರೂ ಆಜ್ಞೆ ಇತ್ತು. ನನಗೆ ಸುಮ್ಮನಿರು ಎಂದವರು ಯಾರು?

ಮೊನ್ನೆ ಇದೆಲ್ಲವನ್ನೂ ಮರಿಯಮಳಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಸಂಜೀವ ಅಂಕಲ್‌ಗೆ ಇದು ಗೊತ್ತಿತ್ತಾ?" ಎಂದಳು.

"ಇಲ್ಲ."

"ನಾನು ಅಷ್ಟು ವರ್ಷ ಅವರ ಹತ್ತಿರ ಕೇಳಿದ್ದೆ. ಪ್ರತಿ ಸಲ ಕ್ಷಮೆ ಕೇಳುತ್ತಿದ್ದರು, ಪಾಪ. ಅವರು ಈಗ ಇಲ್ಲದಿದ್ದರೂ ಮೊದಲು ಅವರಿಗೆ ಹೇಳಿ. ಆಮೇಲೆ ಅವರ ಮನೆಗೆ ಕರೆದುಕೊಂಡು ಹೋಗಿ."

ನಿಮಗೆ ಹೇಳಿದ್ದಾಯಿತು. ಭಾನುವಾರ ಅವಳನ್ನು ಕರೆದುಕೊಂಡು ನಿಮ್ಮ ಮನೆಗೆ ಹೋಗುತ್ತೇನೆ. ನಿಮ್ಮ ಹೆಂಡತಿ ಸರೋಜಕ್ಕನ ಎದುರು ಕುಳಿತು ಇಷ್ಟನ್ನೂ ಮತ್ತೊಮ್ಮೆ ಹೇಳಬೇಕು. ಮರಿಯಮಳಿಗೆ ಹೇಳುವಾಗ ಅರಬಿ ಇತ್ತು, ಕಲಿತ ಭಾಷೆ, ಹೇಗೋ ದಾಟಿದೆ. ಇದನ್ನು ನಮ್ಮದೇ ತುಳುವಿನಲ್ಲಿ ಹೇಳಬೇಕು.

ನಿಮ್ಮ
ವಿಠಲ