ನೊರೆಯಾಗಿ ಹೋದ ಹೆಸರು

ಮಾನ್ಯರೇ,

ನಗರದ ರುದ್ರಭೂಮಿಗಳ ಉಸ್ತುವಾರಿ ಹೊತ್ತಿರುವ ತಾವು ನನ್ನ ಅಕ್ಕನ ಮಗಳು ವಾಣಿಯ ಸಮಾಧಿಗೆ ಆಸಿಡ್ ಸುರಿಸಿ, ಅಮೃತಶಿಲೆಯಲ್ಲಿ ಕೆತ್ತಿದ್ದ ಅವಳ ಹೆಸರನ್ನೇ ಅಳಿಸಿಹಾಕಿದ್ದೀರಿ. ದೂರು ಕೊಟ್ಟಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ ಇದು: "ಸದರಿ ಕಲ್ಲಿನ ಮೇಲಿನ ಆಮ್ಲವನ್ನು ಸೋಡಾ ಬಳಸಿ ತಟಸ್ಥಗೊಳಿಸಲಾಗಿದ್ದು, ಪಿಎಚ್ ಮೌಲ್ಯವು ಏಳಕ್ಕೆ ಬಂದಿರುತ್ತದೆ. ಆದ್ದರಿಂದ ಯಾವುದೇ ಹಾನಿ ಸಂಭವಿಸಿರುವುದಿಲ್ಲ." ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಮುಚ್ಚಿದ ಲಕೋಟೆಯಲ್ಲಿ ತಮಗೆ ಬರೆದು ಪ್ರಯೋಜನವಿಲ್ಲವೆಂದು ಹೀಗೆ ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ.

ನಾನೇನೂ ವಿಜ್ಞಾನಿಯಲ್ಲ. ಬಳೇಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಮಾರುವವನು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಿತ್ತಾಳೆ ಬೆಳಗುತ್ತದೆ, ಹುಳಿಗೆ ಕಿಲುಬು ಕರಗುತ್ತದೆ. ಅದೇ ಹುಳಿ ಅಮೃತಶಿಲೆಯ ಮೇಲೆ ಚೆಲ್ಲಿದರೆ ಕಲ್ಲು ಮಂಕಾಗಿಬಿಡುತ್ತದೆ. ಅಡುಗೆಮನೆಗೆ ಮಾರ್ಬಲ್ ಹಾಕಿಸಿ ಕೈ ಸುಟ್ಟುಕೊಂಡ ಯಾವ ಗೃಹಿಣಿಯನ್ನಾದರೂ ಕೇಳಿ, ನಿಂಬೆಹಣ್ಣು ಹೆಚ್ಚಿದ ಜಾಗವನ್ನು ಬೆರಳಿಟ್ಟು ತೋರಿಸುತ್ತಾಳೆ. ತಾವು ಎಂಜಿನಿಯರಿಂಗ್ ಓದಿದವರು. ಪಿಎಚ್ ಅಳತೆಯಲ್ಲಿ ಏಳು ನಡುಮಧ್ಯ, ಅದರಿಂದ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ ಎಂದು ನಾನು ತಮಗೆ ಪಾಠ ಹೇಳಬೇಕೇ? ಒಂದೊಂದು ಅಂಕಿ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ನಿಂಬೆರಸ ಎರಡರ ಆಸುಪಾಸಿನಲ್ಲಿದ್ದರೆ, ತಾವು ಕ್ಯಾನುಗಟ್ಟಲೆ ತರಿಸಿದ ಕಕ್ಕಸು ತೊಳೆಯುವ ಆಸಿಡ್ ಸೊನ್ನೆಯ ಹತ್ತಿರದ್ದು. ನಿಂಬೆಹಣ್ಣಿಗೇ ತಡೆಯದ ಕಲ್ಲಿಗೆ ಅದನ್ನು ಹುಯ್ಯಿಸಿದ್ದೀರಿ!

ಯಾಕೆ ಹುಯ್ಯಿಸಿದಿರಿ? ಮೇಲಿನವರು ಪರಿಶೀಲನೆಗೆ ಬರುವವರಿದ್ದರು, ಸಮಾಧಿಗಳು ಲಕಲಕ ಹೊಳೆಯಬೇಕಿತ್ತು. ಅಲ್ಲಾ ಸ್ವಾಮಿ, ಸತ್ತವರು ಯಾವತ್ತು ತಮ್ಮ ಹತ್ತಿರ ಕೊಳೆಯ ಬಗ್ಗೆ ದೂರು ಕೊಟ್ಟಿದ್ದರು? ಅವತ್ತು ಕೆಲಸಕ್ಕಿದ್ದ ದಿನಗೂಲಿ ರಾಮಾಂಜಿನಪ್ಪನನ್ನು ವಿಚಾರಿಸಿದೆ. ಪಾಪ, ಗ್ಲೌಸೂ ಇಲ್ಲದೆ ಅವನ ಕೈಯೆಲ್ಲ ಸುಲಿದುಹೋಗಿತ್ತು.

"ನಮಗೇನ್ ಗೊತ್ತು ಸಾರ್? ಗ್ರಾನೈಟ್ ಕಲ್ಲಿಗೆ ಏನೂ ಆಗ್ಲಿಲ್ಲ. ಈ ಬಿಳೀ ಕಲ್ಲಿಗೆ ಹಾಕಿದ್ದೇ ತಡ ಬುಸ್ ಅಂತ ನೊರೆ ಬಂತು. ಸಾಹೇಬ್ರು ಅಲ್ಲೇ ನಿಂತಿದ್ರು. 'ನೋಡ್ರೋ, ಎಷ್ಟು ಕೊಳೆ ಬಿಡ್ತಿದೆ! ನೊರೆ ನಿಲ್ಲೋವರ್ಗೂ ಹುಯ್ದು ಬ್ರಷ್ ಹಾಕಿ' ಅಂದ್ರು. ಅದು ಎಲ್ಲಿ ನಿಲ್ತದೆ ಸಾರ್? ಕ್ಯಾನೇ ಖಾಲಿ ಆಯ್ತು."

ಹೇಗೆ ನಿಂತೀತು ಹೇಳಿ? ಅದು ಕೊಳೆಯಲ್ಲ ಮಾನ್ಯರೇ, ಕಲ್ಲು. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದಕ್ಕೆ ಈ ಆಮ್ಲ ತಗುಲಿದರೆ ಒಂದು ಲವಣ, ಒಂದಿಷ್ಟು ನೀರು, ಒಂದಿಷ್ಟು ಅನಿಲ ಆಗುತ್ತದೆ. ಹತ್ತನೇ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಇದನ್ನು ಬರೆದೇ ಪಾಸಾಗುತ್ತಾರೆ. ಅನಿಲ ನೊರೆಯಾಗಿ ಗಾಳಿಗೆ ಹೋಯಿತು. ಲವಣ ನೀರಿನಲ್ಲಿ ಕರಗುವಂಥದ್ದು, ಪೈಪ್ ಹಿಡಿದು ಅದನ್ನು ಮೋರಿಗೆ ಬಿಟ್ಟಿರಿ. ನಮ್ಮ ಹುಡುಗಿಯ ಹೆಸರು ಆ ಮೋರಿಯಲ್ಲಿ ಹರಿದುಹೋಗುವಾಗ ತಾವು ಎಷ್ಟು ಸ್ವಚ್ಛವಾಯಿತೆಂದು ಖುಷಿಪಡುತ್ತಿದ್ದಿರಿ.

ಇನ್ನು ತಮ್ಮ ಆ ಏಳರ ಮಾತು. ನಾನು ಕೂಗಾಡಿದ ಮೇಲೆ ಜನ ಕಳಿಸಿ ಸೋಡಾ ಎರಚಿಸಿ, ಪಿಎಚ್ ತೋರಿಸುವ ಬಣ್ಣದ ಕಾಗದ ಅದ್ದಿಸಿ, ಎಲ್ಲ ಸರಿಯಿದೆ ಎಂದಿರಿ. ಪ್ರತ್ಯಾಮ್ಲ ಹಾಕಿದರೆ ಉಳಿದ ಆಮ್ಲ ಸಾಯುತ್ತದೆ, ನಿಜ. ಆದರೆ ಕರಗಿಹೋದ ಕಲ್ಲು ವಾಪಸು ಬರುತ್ತದೆಯೇ? ಮನೆ ಸುಟ್ಟವನು ಬೂದಿಗೆ ನೀರು ಚಿಮುಕಿಸಿ, ಮುಟ್ಟಿ ನೋಡಿ, ತಣ್ಣಗಿದೆ, ಹಾನಿಯಿಲ್ಲ ಎಂದ ಹಾಗಾಯಿತು.

ಒಂದು ಹೆಸರು ತಾನೆ, ಮತ್ತೆ ಕೆತ್ತಿಸಿದರಾಯಿತು ಎನ್ನುತ್ತೀರೇನೋ. ಕೇಳಿ. ವಾಣಿ ಪಿಯುಸಿ ಓದುವಾಗ ಡೆಂಗಿ ಜ್ವರದಲ್ಲಿ ಹೋದಳು. ಅಕ್ಕ ಗಿರಿಜಾಂಬಾಗೆ ಇದ್ದವಳು ಅವಳೊಬ್ಬಳೇ. ಆಮೇಲೆ ಸಕ್ಕರೆ ಕಾಯಿಲೆ ಅಕ್ಕನ ಎರಡೂ ಕಣ್ಣು ತೆಗೆಯಿತು. ಸೋಮವಾರ ಬಂತೆಂದರೆ ಚಾಮರಾಜಪೇಟೆಯ ಅವಳ ಮನೆಯಿಂದ ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ. ಬಿಲ್ವಪತ್ರೆ ಇಟ್ಟು, ವಿಭೂತಿ ಹಚ್ಚಿ, ಕಲ್ಲಿನ ಮೇಲೆ ಬೆರಳಾಡಿಸುತ್ತಾ ಮಗಳ ಹೆಸರು ಓದುತ್ತಾಳೆ. ಅವಳಿಗೆ ಮಗಳನ್ನು ಮುಟ್ಟುವುದೆಂದರೆ ಅದೇ.

ತಾವು ತೊಳೆಸಿದ ಮೇಲಿನ ಸೋಮವಾರವೂ ಹೋದೆವು. ಅಕ್ಕ ಕೈಯಿಟ್ಟಳು. ಆ ಕಡೆ ಈ ಕಡೆ ಸವರಿದಳು. ಕಲ್ಲು ಸೀಮೆಸುಣ್ಣದ ಹಾಗೆ ಅಂಗೈಗೆ ಅಂಟಿತು, ಅಕ್ಷರ ಸಿಗಲಿಲ್ಲ.

"ಪಂಚಾಕ್ಷರಿ, ಎಲ್ಲಿಗೆ ಕರ್ಕೊಂಡ್ ಬಂದಿದೀಯೋ? ಇದು ನಮ್ ವಾಣೀದಲ್ಲ."

"ಇದೇ ಅಕ್ಕ. ತೊಳೆದಿದಾರೆ, ಅದಕ್ಕೇ..."

"ತೊಳೆದ್ರೆ ಹೆಸರು ಹೋಗುತ್ತಾ? ಕಣ್ಣಿಲ್ಲ ಅಂತ ಏನ್ ಬೇಕಾದ್ರೂ ಹೇಳ್ಬೋದು ಅಂದ್ಕೊಂಡಿದೀಯಾ? ಅವಳ ಜಾಗ ಬೇರೆಯವ್ರಿಗೆ ಕೊಟ್ಬಿಟ್ಟಿದಾರೆ. ನೀನು ಮುಚ್ಚಿಡ್ತಿದೀಯ."

ಆಣೆ ಮಾಡಿದೆ, ನಂಬಲಿಲ್ಲ. ಹೊಸ ಫಲಕ ಹಾಕಿಸುತ್ತೇನೆ ಎಂದದ್ದಕ್ಕೆ, ಯಾರದೋ ಸಮಾಧಿಗೆ ನನ್ನ ಮಗಳ ಹೆಸರು ಹಾಕಿ ನನ್ನನ್ನು ಸಮಾಧಾನ ಮಾಡಬೇಡ ಎಂದಳು. ಅವತ್ತಿನಿಂದ ಅಲ್ಲಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಸೋಮವಾರವಿಡೀ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಕೂತಿರುತ್ತಾಳೆ.

ನನಗೆ ಪರಿಹಾರ ಬೇಡ, ತಮ್ಮ ವಿಷಾದವೂ ಬೇಡ. ರುದ್ರಭೂಮಿಯೊಳಗೆ ಇನ್ನು ಒಂದು ಹನಿ ಆಸಿಡ್ ಬರಬಾರದೆಂದು ಲಿಖಿತ ಆದೇಶ ಹೊರಡಿಸಿ. ಆಮೇಲೆ ಒಂದು ಸೋಮವಾರ ಅಕ್ಕನ ಮನೆಗೆ ಬನ್ನಿ. ಅವಳ ಕೈಹಿಡಿದು ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಅಮ್ಮಾ, ಇದು ನಿಮ್ಮ ವಾಣಿಯ ಜಾಗವೇ, ಹೆಸರು ಅಳಿಸಿದವನು ನಾನು ಎಂದು ತಮ್ಮ ಬಾಯಿಂದಲೇ ಹೇಳಿ. ನನ್ನ ಮಾತನ್ನು ಅವಳು ನಂಬುವುದಿಲ್ಲ. ಸರ್ಕಾರದವರ ಮಾತನ್ನು ಇವತ್ತಿಗೂ ನಂಬುತ್ತಾಳೆ.

ಇಂತಿ,
ಒಡಹುಟ್ಟಿದವಳ ಪಾಲಿಗೆ ಸುಳ್ಳುಗಾರನಾಗಿ ಉಳಿದಿರುವ
ಪಂಚಾಕ್ಷರಯ್ಯ
ಬಳೇಪೇಟೆ, ಬೆಂಗಳೂರು