ಭಾನುವಾರದ ಅಪ್ಪನ ಸ್ಯಾಂಡ್‌ವಿಚ್

ಮಾರ್ಚ್ ೧೧, ಬುಧವಾರ

ಗುಬ್ಬಿಯ ಅಪ್ಪನಿಗೆ,

ಲಕೋಟೆ ನೋಡಿ ಗಾಬರಿಯಾಗಬೇಡಿ, ಇದು ವಕೀಲರದ್ದಲ್ಲ. ಫೋನ್ ಮಾಡಬಹುದಿತ್ತು. ಆದರೆ ನಾನು ಹತ್ತು ಮಾತಾಡಿದರೆ ನೀವು ಒಂದು "ಹೂಂ" ಅಂದು ಗೆದ್ದುಬಿಡುತ್ತೀರಿ. ಕಾಗದದಲ್ಲಿ ಆ ಕಷ್ಟವಿಲ್ಲ.

ವಿಷಯ ಮೊಟ್ಟೆಯದ್ದು. ನಗು ಬಂದರೆ ನಕ್ಕುಬಿಡಿ.

ಎರಡು ತಿಂಗಳಿಂದ ನಮ್ಮ ಗುಬ್ಬಿ ಪ್ರತಿ ಭಾನುವಾರ ನಿಮ್ಮ ಮನೆಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಜಪಾನಿನ ಸ್ಯಾಂಡ್‌ವಿಚ್ ಪುರಾಣ ಶುರುಮಾಡುತ್ತಾಳೆ. ಬ್ರೆಡ್ಡು ಹತ್ತಿಯ ಹಾಗಿರುತ್ತದಂತೆ. ಅಪ್ಪ ಅಂಚನ್ನೆಲ್ಲ ಕತ್ತರಿಸುತ್ತಾರಂತೆ. ಕೊಯ್ದರೆ ನಡುವೆ ಅರ್ಧ ಮೊಟ್ಟೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದಂತೆ. ಈ ಅಂತೆ ಕಂತೆಗಳನ್ನು ನಾನು ನಂಬಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ನೀವು ಒಲೆ ಹಚ್ಚಿದ್ದು ಸಿಗರೇಟಿಗೆ ಮಾತ್ರ. ನಾನು ಜ್ವರದಲ್ಲಿ ಮಲಗಿದ್ದಾಗ ಬ್ರೆಡ್ಡನ್ನು ಕವರ್ ಸಮೇತ ದಿಂಬಿನ ಪಕ್ಕ ಇಟ್ಟು ಹೋದವರು ನೀವು.

ಕಳೆದ ಶನಿವಾರ ನನಗೆ ರಜೆ ಇತ್ತು. ಹಟಕ್ಕೆ ಬಿದ್ದು ನಾನೂ ಮಾಡಿದೆ. ಎರಡು ಮೊಟ್ಟೆ ಏಳು ನಿಮಿಷ, ನಾಲ್ಕು ಮೊಟ್ಟೆ ಹನ್ನೆರಡು ನಿಮಿಷ, ಆಮೇಲೆ ಐಸ್ ನೀರು. ಗಟ್ಟಿ ಬೆಂದವುಗಳ ಹಳದಿಯನ್ನು ಬೇರೆ ಮಾಡಿ ಮಯೊನೇಸ್, ಒಂದು ಚಮಚ ಹಾಲು, ಚಿಟಿಕೆ ಸಕ್ಕರೆ, ಉಪ್ಪು ಹಾಕಿ ಅರೆದೆ. ಬಿಳಿಯನ್ನು ಸಣ್ಣಗೆ ಹೆಚ್ಚಿ ಬೆರೆಸಿದೆ. ಲ್ಯಾಬಿನಲ್ಲಿ ದಿನಕ್ಕೆ ಎಂಬತ್ತು ಜನರ ರಕ್ತ ತೆಗೆಯುವ ಕೈ ನನ್ನದು, ಅಳುವ ಮಗುವಿನ ನರವೂ ಒಂದೇ ಸಲಕ್ಕೆ ಸಿಗುತ್ತದೆ. ಆ ಕೈ ಸಿಪ್ಪೆಯ ಜೊತೆ ಬಿಳಿಯನ್ನೂ ಕಿತ್ತಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನನ್ನದು ಮೊಟ್ಟೆ ಮೇಲೆ. ಗುಬ್ಬಿ ಎರಡು ಸಲ ಅಡುಗೆಮನೆ ಬಾಗಿಲಿಗೆ ಬಂದಳು. "ಕೈ ಹಾಕ್ಬೇಡ, ಆಚೆ ಇರು" ಅಂದೆ. ಬ್ರೆಡ್ಡಿಗೆ ಬೆಣ್ಣೆ ಸವರಿ, ಏಳು ನಿಮಿಷದ ಮೊಟ್ಟೆಯನ್ನು ನಡುವಿಟ್ಟು ತುಂಬಿ, ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿಟ್ಟೆ. ಕೊಯ್ದಾಗ ನಡುವಿನ ಹಳದಿ ಹೇಗಿರಬೇಕೋ ಹಾಗೇ ಇತ್ತು.

ಅವಳು ಎರಡು ತುತ್ತು ತಿಂದು, "ಚೆನ್ನಾಗಿದೆ ಅಮ್ಮ, ಥ್ಯಾಂಕ್ಸ್" ಅಂದಳು, ನೆಂಟರ ಮನೆಯಲ್ಲಿ ಹೇಳುವ ಹಾಗೆ.

ಅಪ್ಪನ ಸ್ಯಾಂಡ್‌ವಿಚ್ಚಿಗೂ ಇದಕ್ಕೂ ಏನು ವ್ಯತ್ಯಾಸ, ನಿಜ ಹೇಳು ಎಂದು ಕೆದಕಿದೆ. ಕೆದಕಬಾರದಿತ್ತು.

"ರುಚಿ ಒಂದೇ ಥರ ಇದೆ. ಆದ್ರೆ ಅಲ್ಲಿ ಸಿಪ್ಪೆ ಸುಲಿಯೋದು ನಾನು. ಫ್ರಿಜ್ಜಲ್ಲಿ ಇಟ್ಟಾಗ ಅಪ್ಪ ನನ್ನ ಜೊತೆ ಮಾತಾಡ್ತಾ ಕೂತಿರ್ತಾರೆ. ನೀನು ಕೆಲ್ಸ ಮಾಡುವಾಗ ಮಾತಾಡಿಸ್ಬಾರ್ದಲ್ವಾ?"

ತಟ್ಟೆಯನ್ನು ಅವಳ ಮುಂದಿನಿಂದ ಎಳೆದು ಕಸದ ಡಬ್ಬಿಗೆ ಸುರಿದೆ. ಅವಳು ಅಳಲಿಲ್ಲ. ಒಂಬತ್ತು ವರ್ಷದ ಹುಡುಗಿ ಎದ್ದು, ಮೇಜಿನ ಮೇಲೆ ಬಿದ್ದ ಚೂರುಗಳನ್ನು ಒರೆಸಿ, ಬಟ್ಟೆ ಹಿಂಡಿ ಒಣಹಾಕಿದಳು. ನನಗೆ ಹೆದರಿದವರು ಮಾಡುವ ಕೆಲಸ ಅದು. ಲ್ಯಾಬಿನ ಹೊಸ ಹುಡುಗಿಯರೂ ಹಾಗೇ ಮಾಡುತ್ತಾರೆ.

ಭಾನುವಾರದ ಅಪ್ಪನಾಗುವುದು ಸುಲಭ. ನನ್ನ ಪಾಲಿಗೆ ಬಂದಿರುವುದು ಉಳಿದ ಆರು ದಿನಗಳು: ಸಿಗದ ಸಾಕ್ಸು, ಮುಗಿಯದ ಗಣಿತ, ತಲೆಯ ಹೇನು, ಬೆಳಗಿನ ಆರು ಗಂಟೆಯ ಡ್ಯೂಟಿ. ಅದರಲ್ಲಿ ಅವಳ ಮಾತು ಕೇಳಲು ಹತ್ತು ನಿಮಿಷ ಎಲ್ಲಿಂದ ತರಲಿ? ನಿಮಗೆ ಅಂಥ ಹತ್ತು ನಿಮಿಷ ಇದೆ ಅನ್ನುವುದೇ ನನ್ನ ಹೊಟ್ಟೆಯುರಿ. ಆ ಹತ್ತು ನಿಮಿಷದಲ್ಲಿ ಒಂದನ್ನಾದರೂ ಆಗ ನನಗೆ ಕೊಟ್ಟಿದ್ದರೆ, ನಾನೂ ಮಾತಾಡಿಸಬಹುದಾದ ಹೆಂಗಸಾಗಿಯೇ ಉಳಿಯುತ್ತಿದ್ದೆನೇನೋ.

ಸ್ಯಾಂಡ್‌ವಿಚ್ ಮಾಡುವುದನ್ನು ನಿಲ್ಲಿಸಿ ಎಂದು ಹೇಳಲು ಕೂತೆ. ಬೇಡ, ಮಾಡಿ.

ಇತಿ,
ಗುಬ್ಬಿಯ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಅವತ್ತು ಮಧ್ಯಾಹ್ನ ಅವಳು, "ನಾನು ಅಪ್ಪನ ಮನೇಲೇ ಇರ್ಲಾ?" ಎಂದು ಕೇಳಿದಳು. ಕೇಳಿ ಹೇಳ್ತೀನಿ ಅಂದೆ. ಸಂಜೆ, ನಿಮ್ಮನ್ನು ಕೇಳದೆಯೇ, "ಕೇಳ್ದೆ, ಅಪ್ಪ ಬೇಡ ಅಂದ್ರು" ಅಂತ ಹೇಳಿಬಿಟ್ಟೆ. ಮರುದಿನ ಅವಳು ನಿಮ್ಮ ಮನೆಯಲ್ಲಿ ಬಾಯಿಬಿಡದೆ ಕೂತಿದ್ದರೆ ಕಾರಣ ಅದು. ನಿಜವನ್ನು ನೀವೇ ಹೇಳಿ. ನಾನು ಪಕ್ಕದಲ್ಲಿ ಇಲ್ಲದಾಗ ಹೇಳಿ.