ಡೈಸಿಯನ್ನು ಕಳಿಸುವ ವಿಚಾರ

ಯಗಟಿ
22-1-1979

ಗೆಳೆಯ ಈರಭದ್ರನಿಗೆ,

ಅಂಜಿನಪ್ಪ ಬರೆಯುವುದು. ಮಂಡಿಯೊಂದನ್ನು ಬಿಟ್ಟರೆ ನಾನು ಕ್ಷೇಮ. ತರೀಕೆರೆಯಲ್ಲಿ ನೀನೂ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಭಾನುವಾರ ಡೈಸಿಯನ್ನು ಕರೆದೊಯ್ಯಲು ಬರುತ್ತೇನೆಂದು ಬರೆದಿದ್ದೀಯ. ಕೊಡುತ್ತೇನೆಂದು ಮಾತು ಕೊಟ್ಟವನು ನಾನೇ. ಮಂಡಿ ನೋವು, ಬೇಟೆಗೆ ನಡೆಯಲಾರೆ, ಪಾಯಿಂಟರ್ ಜಾತಿಯ ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿಹಾಕುವುದು ಪಾಪ ಎಂದೆಲ್ಲ ಹೇಳಿದ್ದೆ. ಆದರೆ ಮೊದಲು ಅಜ್ಜಂಪುರದ ಪಂದ್ಯದ ಸಂಗತಿ ಹೇಳಬೇಕು. ವಿಷಯಕ್ಕೆ ಬಾರಯ್ಯ ಎನ್ನುತ್ತೀಯ, ಬರುತ್ತೇನೆ ಇರು.

ಅಜ್ಜಂಪುರದ ಆಚೆಯ ಕಾವಲಿನ ಹುಲ್ಲುಬಯಲಿನಲ್ಲಿ ಕೋವಿ ಲೈಸೆನ್ಸಿನ ಕೆಲವರು ಸೇರಿ ಹಕ್ಕಿ ಹುಡುಕುವ ನಾಯಿಗಳ ಪಂದ್ಯ ಇಟ್ಟಿದ್ದರು. ಫೀಲ್ಡ್ ಟ್ರಯಲ್ ಅಂತ ಅದಕ್ಕೆ. ನಾಯಿ ಗೌಜಲಹಕ್ಕಿಯ ವಾಸನೆ ಹಿಡಿದು ಒಂದು ಕಾಲೆತ್ತಿ ಕಲ್ಲಿನಂತೆ ನಿಲ್ಲಬೇಕು. ಹಕ್ಕಿ ಹಾರಿದರೂ ಅಟ್ಟಿಸಿಕೊಂಡು ಹೋಗಬಾರದು. ಯಜಮಾನ ಕರೆದಾಗ ಬರಬೇಕು. ಗುಂಡು ಹಾರಿಸುವಂತಿಲ್ಲ. ನಿನಗೆ ಒಪ್ಪಿಸುವ ಮುಂಚೆ ಒಂದು ಕಪ್ ಗೆಲ್ಲಿಸಿಬಿಡೋಣ ಎಂದುಕೊಂಡೆ. ಆಸೆ ನೋಡು.

ಕಡೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಗಡಿಬಿಡಿಯಲ್ಲಿ ಡೈಸಿಗೆ ಟಿಕೆಟ್ ಮಾಡಿಸಿ ನನಗೆ ಮಾಡಿಸುವುದನ್ನೇ ಮರೆತಿದ್ದೆ. ಗಾರ್ಡು ಚೀಟಿ ತಿರುಗಿಸಿ ನೋಡಿ, "ಯಜಮಾನ್ರೇ, ಈ ಲೆಕ್ಕದಾಗೆ ಪ್ಯಾಸೆಂಜರ್ ಈಯಮ್ಮ, ನೀವು ಲಗೇಜು ಕಣ್ರೀ. ಓಡೋಗಿ ಟಿಕೆಟ್ ತಕಂಡ್ ಬನ್ನಿ" ಎಂದ. ಮಂಡಿಯನ್ನು ಕೇಳದೆ ಓಡಿದೆ.

ಬೇರೆ ನಾಯಿಗಳು ದಾಟಿಹೋಗಿದ್ದ ಒಂದು ಕಾರೆ ಪೊದೆಯ ಹತ್ತಿರ ಡೈಸಿ ನಿಂತಳು. ಈರಭದ್ರ, ಆ ನಿಲುವು! ತೀರ್ಪುಗಾರ ಮಂಜಪ್ಪನವರು ತಲೆಯ ಟೋಪಿ ತೆಗೆದು ನೋಡಿದರು. ನಾನು ಪೊದೆಗೆ ಒದ್ದೆ. ಗುಂಪಿಗೆ ಗುಂಪೇ ಬುರ್ರನೆ ಎದ್ದು ಹೋಯಿತು. ಡೈಸಿ ಅಲುಗಲಿಲ್ಲ. ಇನ್ನು ಕರೆಯುವುದೊಂದೇ ಬಾಕಿ.

ಬರಲಿಲ್ಲ. ಹಕ್ಕಿ ಹೋದ ಖಾಲಿ ಹುಲ್ಲನ್ನೇ ನೋಡುತ್ತ, ಎತ್ತಿದ ಕಾಲನ್ನು ಇಳಿಸದೆ ನಿಂತೇ ಇದ್ದಳು. ಬೇಟೆಯಲ್ಲಾದರೆ ಕೋವಿ ಸಿಡಿದ ಮೇಲೆ ತಾನಾಗಿ ಬರುತ್ತಿದ್ದಳು. ಇಲ್ಲಿ ಸಿಡಿಯುವುದೇ ಇಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಸೀಟಿ ಹೊಡೆದೆ. "ಡೈಸಿ, ರಿಟರ್ನ್" ಎಂದೆ. "ಕಮ್ ಬ್ಯಾಕ್ ಅಟ್ ಒನ್ಸ್" ಎಂದೆ. ಇಂಟರ್‌ಮೀಡಿಯೆಟ್ಟಿನ ಇಂಗ್ಲಿಷಿನಲ್ಲಿ ನೆನಪಿದ್ದಷ್ಟನ್ನೂ ಖರ್ಚು ಮಾಡಿ, ಕೊನೆಗೆ "ಐ ಬೆಗ್ ಟು ರಿಕ್ವೆಸ್ಟ್" ಕೂಡ ಬಾಯಿಗೆ ಬಂತು. ಕುರಿ ಮೇಯಿಸಲು ಬಂದಿದ್ದವನೊಬ್ಬ, "ಅರ್ಜಿ ಬರ್ದು ಕೊಡಿ ಸ್ವಾಮಿ, ಬತ್ತದೆ" ಎಂದ. ಎಲ್ಲರೂ ನಕ್ಕರು.

ಅವಳು ಒಪ್ಪುವ ಕರೆ ಒಂದೇ, ಅದು ನನಗೆ ಗೊತ್ತಿತ್ತು. ನನ್ನವಳು, ನಿನ್ನ ಅತ್ತಿಗೆ ತಿಮ್ಮಕ್ಕ ಇದ್ದಾಗ, ಸಂಜೆ ಕೋಳಿಗಳ ಮುಂದೆ ಹೀಗೇ ಕಾಲೆತ್ತಿ ನಿಲ್ಲುತ್ತಿದ್ದ ಡೈಸಿಯನ್ನು ಅಡುಗೆಮನೆ ಬಾಗಿಲಿಂದ ಕರೆಯುತ್ತಿದ್ದಳು. ತಿಮ್ಮಕ್ಕ ತೀರಿಕೊಂಡ ಮೇಲೆ ಆ ಮಾತನ್ನು ಯಾರೂ ಆಡಿಲ್ಲ. ನಾನು ತಟ್ಟೆ ಇಟ್ಟು ಒಳಗೆ ಬಂದುಬಿಡುತ್ತೇನೆ. ಡೈಸಿ ಅದನ್ನು ಮುಟ್ಟದೆ ಕತ್ತಲಾಗುವವರೆಗೂ ಬಾಗಿಲನ್ನೇ ನೋಡುತ್ತ ಕೂರುತ್ತಾಳೆ. ನಿನಗೆ ಕೊಡಲು ಒಪ್ಪಿದ್ದು ಮಂಡಿಯ ದೆಸೆಯಿಂದ ಅಲ್ಲ ಮಾರಾಯ, ಅದನ್ನು ನೋಡಲಾರದೆ.

ಅಷ್ಟು ಜನರ ಎದುರಿಗೆ ಹೇಳಿದೆ: "ಸಾಕು ಬಾರೇ, ಉಣ್ಣಾನ."

ಡೈಸಿ ಕಾಲು ಕೆಳಗಿಟ್ಟಳು. ಬಂದು ನನ್ನ ನೋಯುವ ಮಂಡಿಗೆ ತಲೆ ಆನಿಸಿ ನಿಂತಳು. ಈ ಸಲ ಯಾರೂ ನಗಲಿಲ್ಲ. ಬರುವುದು ತಡವಾಯಿತೆಂದು ಕಪ್ಪನ್ನು ಬೀರೂರಿನವರ ನಾಯಿಗೆ ಕೊಟ್ಟರು. ಸರಿಯಾದ ತೀರ್ಪೇ.

ಆದ್ದರಿಂದ ಭಾನುವಾರ ಊಟಕ್ಕೆ ಬಾ. ಸರಪಳಿ ತರಬೇಡ. ಅವಳು ಮರಿ ಹಾಕಿದರೆ ಮೊದಲು ಆರಿಸುವವನು ನೀನೇ. ಬೈಯುವುದಿದ್ದರೆ ಎದುರಿಗೇ ಬೈದುಬಿಡು.

ಇಂತು, ಮಾತು ತಪ್ಪಿದ ನಿನ್ನ
ಅಂಜಿನಪ್ಪ

ಪುನಶ್ಚ: ಮೇಲೆ ಆ ಕರೆಯನ್ನು ಬರೆದುಬಿಟ್ಟಿದ್ದೇನೆ. ಹೊಡೆದುಹಾಕೋಣವೆಂದು ನೋಡಿದೆ, ಮನಸ್ಸಾಗಲಿಲ್ಲ. ಬಂದಾಗ ತಮಾಷೆಗೂ ಅದನ್ನು ಹೇಳಬೇಡ. ನಿನ್ನೆ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಹೇಳಿದೆ. ಡೈಸಿ ಓಡಿ ಬಂದು, ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಒಲೆಯ ಸುತ್ತ ಎಲ್ಲ ಮೂಸಿ ನೋಡಿದಳು. ಆಮೇಲೆ ತಿರುಗಿ ಬಂದು ಉಂಡಳು. ನಾನೂ ಉಂಡೆ.